ಕೆಟ್ಟ ಡಿಸ್ಕ್ ಎಳೆಯುವ ಮುನ್ನ

ನಾಲ್ಕು ಹಾರ್ಡ್ ಡಿಸ್ಕ್‌ಗಳ ಪೆಟ್ಟಿಗೆಯೊಂದು ಇದ್ದಕ್ಕಿದ್ದಂತೆ ಬೀಪ್ ಬೀಪ್ ಎಂದು ಕೂಗತೊಡಗುತ್ತದೆ. ಪರದೆಯ ಮೇಲೆ ‘ಡಿಸ್ಕ್ 2 ಕೆಟ್ಟಿದೆ’ ಎಂಬ ಸಾಲು. ಮನೆಯವರು ಎಡದಿಂದ ಎರಡನೆಯ ಟ್ರೇ ಹಿಡಿದು ಎಳೆಯುತ್ತಾರೆ. ಆದರೆ ಒಳಗಿನ ತಂತ್ರಾಂಶ ಸೊನ್ನೆಯಿಂದ ಎಣಿಸುತ್ತಿತ್ತು. ಅದರ ಲೆಕ್ಕದಲ್ಲಿ 2 ಎಂದರೆ ಮೂರನೆಯ ಟ್ರೇ. ಈಗ ಕೆಟ್ಟ ಡಿಸ್ಕ್ ಪೆಟ್ಟಿಗೆಯಲ್ಲೇ ಇದೆ, ಚೆನ್ನಾಗಿದ್ದ ಡಿಸ್ಕ್ ಕೈಗೆ ಬಂದಿದೆ. ಒಂದು ಡಿಸ್ಕ್ ಹೋದರೆ ತಾಳಿಕೊಳ್ಳುವಂತೆ ಕಟ್ಟಿದ ವ್ಯವಸ್ಥೆಗೆ ಎರಡು ಹೋದರೆ ತಾಳುವ ಶಕ್ತಿಯಿಲ್ಲ.

ಏನೂ ತಿಳಿಯದವರಷ್ಟೇ ಹೀಗೆ ಎಡವುತ್ತಾರೆ ಎಂದುಕೊಳ್ಳುವ ಹಾಗಿಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ಎಂಜಿನಿಯರ್ ಒಬ್ಬರು, ಸರಿಯಾಗಿ ನಕಲಾಗದೆ ಕಾಡುತ್ತಿದ್ದ ಎರಡನೆಯ ಸರ್ವರ್‌ನ ಕಡತಗಳನ್ನು ಅಳಿಸಿ ಹೊಸದಾಗಿ ಶುರುಮಾಡಲು ಹೊರಟರು. ಅಳಿಸುವ ಆದೇಶ ಹೋದದ್ದು ಮೊದಲನೆಯ, ಅಂದರೆ ಅಸಲಿ ಸರ್ವರ್‌ಗೆ. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ನಿಂದ ತೆಗೆದುಕೊಳ್ಳೋಣ ಎಂದರೆ, ತಪ್ಪದೆ ಆಗುತ್ತಿದೆ ಎಂದು ಎಲ್ಲರೂ ನಂಬಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಅದು ಆಗುತ್ತಿಲ್ಲವೆಂದು ಎಚ್ಚರಿಸುವ ಇಮೇಲ್‌ಗಳೂ ಯಾರನ್ನೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದು ಸಿಕ್ಕಿದ್ದರಿಂದ ಕಂಪನಿ ಬಚಾವಾಯಿತು. ಈ ಕತೆಯನ್ನು ಮುಚ್ಚಿಡದೆ ವಿವರವಾಗಿ ಲೋಕಕ್ಕೆ ಹೇಳಿಕೊಂಡದ್ದು ಅವರ ದೊಡ್ಡತನ.

ಮನೆಯ ನ್ಯಾಸ್ ಪೆಟ್ಟಿಗೆಯ ಮಟ್ಟದಲ್ಲೂ ಅಪಾಯದ ಸ್ವರೂಪ ಇದೇ. ಡಿಸ್ಕ್ ಕೆಡುವುದು ಮೊದಲೇ ನಿರೀಕ್ಷಿಸಿದ ಘಟನೆ. ಪೆಟ್ಟಿಗೆ ಕೊಂಡಿರುವುದೇ ಅದಕ್ಕಾಗಿ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿ, ಅದು ಪೂರ್ತಿ ತುಂಬುವವರೆಗಿನ ಒಂದೆರಡು ದಿನ ಯಾರೂ ನಿರೀಕ್ಷಿಸದ ಭಾಗ. ಫೋಟೊ, ಮದುವೆ ವಿಡಿಯೊ, ಜಮೀನಿನ ಪತ್ರಗಳ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ ಎಲ್ಲವೂ ಕಳೆದುಹೋಗುವುದು ಹೆಚ್ಚಾಗಿ ಆ ಅವಧಿಯಲ್ಲಿ, ಅವಸರದಲ್ಲಿ.

ನ್ಯಾಸ್ ಎಂದರೆ ಮನೆಯ ವೈಫೈ ರೌಟರ್‌ಗೆ ಕೇಬಲ್‌ನಿಂದ ಜೋಡಿಸಿದ, ಸ್ವಂತ ಪ್ರೊಸೆಸರ್ ಇರುವ ಸಂಗ್ರಹ ಪೆಟ್ಟಿಗೆ. ಸಿನಾಲಜಿ, ಕ್ಯೂನ್ಯಾಪ್ ಮುಂತಾದ ಕಂಪನಿಗಳು ಸಿದ್ಧ ಪೆಟ್ಟಿಗೆ ಮಾರುತ್ತವೆ. ಹಳೆಯ ಕಂಪ್ಯೂಟರಿಗೆ ಟ್ರೂನ್ಯಾಸ್‌ನಂಥ ಉಚಿತ ತಂತ್ರಾಂಶ ಹಾಕಿ ತಾವೇ ಕಟ್ಟಿಕೊಳ್ಳುವವರೂ ಇದ್ದಾರೆ. ಒಳಗೆ ಎರಡರಿಂದ ಎಂಟು ಡಿಸ್ಕ್‌ಗಳು. ಅವುಗಳನ್ನು ಒಂದಾಗಿ ದುಡಿಸುವ ವಿಧಾನಕ್ಕೆ ರೇಡ್ ಎಂದು ಹೆಸರು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ವಿಭಾಗದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ ಪ್ರಕಟಿಸಿದ ಪ್ರಬಂಧ ಈ ಹೆಸರನ್ನು ಚಾಲ್ತಿಗೆ ತಂದಿತು. ದುಬಾರಿಯ ಒಂದು ದೊಡ್ಡ ಡಿಸ್ಕ್ ಬದಲು ಅಗ್ಗದ ಹಲವನ್ನು ಸೇರಿಸಿದರೆ ಹೆಚ್ಚು ವೇಗ ಸಿಗುತ್ತದೆ ಎಂಬುದು ಅವರ ವಾದ. ಆದರೆ ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು. ಆದ್ದರಿಂದ ಸ್ವಲ್ಪ ಹೆಚ್ಚುವರಿ ಮಾಹಿತಿ ಬರೆದಿಟ್ಟು ಆ ಕೊರತೆ ತುಂಬಿಕೊಳ್ಳಬೇಕು ಎಂದರು.

ಆ ಹೆಚ್ಚುವರಿ ಮಾಹಿತಿಯ ಗುಟ್ಟು ಅಂಗಡಿಯ ಚೀಟಿಯಷ್ಟೇ ಸರಳ. ಚೀಟಿಯಲ್ಲಿ 7, 4, 9 ಎಂದು ಬರೆದು ಕೆಳಗೆ ಒಟ್ಟು 20 ಎಂದು ಹಾಕಿದೆ. ನಡುವಿನ ಅಂಕಿಯ ಮೇಲೆ ಎಣ್ಣೆ ಬಿದ್ದು ಅಳಿಸಿಹೋದರೆ, ಇಪ್ಪತ್ತರಿಂದ ಉಳಿದೆರಡನ್ನು ಕಳೆದರೆ ಸಾಕು, 4 ಮತ್ತೆ ಸಿಗುತ್ತದೆ. ರೇಡ್ 5ರಲ್ಲಿ ಆ ‘ಒಟ್ಟು’ವಿನ ಹೆಸರು ಪ್ಯಾರಿಟಿ, ಅದನ್ನು ಎಲ್ಲ ಡಿಸ್ಕ್‌ಗಳಲ್ಲೂ ಹಂಚಿ ಬರೆದಿರುತ್ತದೆ. ಒಂದು ಡಿಸ್ಕ್ ಹೋದರೂ ಉಳಿದವುಗಳನ್ನು ಓದಿ ಲೆಕ್ಕ ಹಾಕಿ ಕಳೆದದ್ದನ್ನು ಪಡೆಯಬಹುದು. ಎರಡು ಅಂಕಿ ಅಳಿಸಿದರೆ ಲೆಕ್ಕ ನಿಲ್ಲುತ್ತದೆ. ರೇಡ್ 6ರಲ್ಲಿ ಎರಡು ಬಗೆಯ ಲೆಕ್ಕ ಇರುವುದರಿಂದ ಎರಡು ಡಿಸ್ಕ್ ಹೋದರೂ ನಡೆಯುತ್ತದೆ. ಎರಡೇ ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದರ ಪಡಿಯಚ್ಚು ಇನ್ನೊಂದು.

ಡಿಸ್ಕ್ ಸಾಯುವ ಮುನ್ನ ಹೇಳಿ ಸಾಯುತ್ತದೆಯೇ? ಕೆಲವೊಮ್ಮೆ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ತಾನೇ ಬರೆದುಕೊಳ್ಳುತ್ತದೆ. ಪಟ್ಟಿ ಉದ್ದವಾಗಿದೆ, ಬಹುಪಾಲು ಸಾಲುಗಳು ಮನೆ ಬಳಕೆದಾರರಿಗೆ ಬೇಕಿಲ್ಲ. ನೋಡಬೇಕಾದದ್ದು ಮುಖ್ಯವಾಗಿ ನಾಲ್ಕು. 5ನೆಯ ಸಾಲು, ಕೆಟ್ಟುಹೋಗಿ ಬದಲಿ ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರ್‌ಗಳ, ಅಂದರೆ ಡಿಸ್ಕ್ ಮೇಲಿನ ಪುಟ್ಟ ಸಂಗ್ರಹ ತುಣುಕುಗಳ ಲೆಕ್ಕ. 197, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳದು. 198, ತಪಾಸಣೆಯಲ್ಲಿ ಓದಲು ಸಾಧ್ಯವೇ ಆಗದವುಗಳದು. ಈ ಮೂರೂ ಸೊನ್ನೆಯಾಗಿದ್ದರೆ ನೆಮ್ಮದಿ. 5ನೆಯ ಸಾಲಿನಲ್ಲಿ 8 ಎಂದಿದ್ದು ವರ್ಷವಿಡೀ 8 ಆಗಿಯೇ ಉಳಿದರೆ ಕಾದು ನೋಡಬಹುದು. ವಾರವಾರಕ್ಕೂ ಏರುತ್ತಿದ್ದರೆ ಹೊಸ ಡಿಸ್ಕ್ ತರುವ ಹೊತ್ತು ಬಂತು.

ನಾಲ್ಕನೆಯದಾದ 199ರ ಕತೆಯೇ ಬೇರೆ. ಅದು ಡಿಸ್ಕ್ ಮತ್ತು ಪೆಟ್ಟಿಗೆಯ ನಡುವೆ ಮಾಹಿತಿ ಸಾಗುವಾಗ ಆದ ದೋಷಗಳ ಲೆಕ್ಕ. ಅದೊಂದೇ ಏರುತ್ತಿದ್ದರೆ ಅನುಮಾನಿಸಬೇಕಾದದ್ದು ಕೇಬಲ್ ಅಥವಾ ಡಿಸ್ಕ್ ಕೂರುವ ಸಂಪರ್ಕ ಭಾಗವನ್ನು. ಸಡಿಲ ಕೇಬಲ್ಲಿಗಾಗಿ ಗಟ್ಟಿಮುಟ್ಟಾದ ಡಿಸ್ಕನ್ನು ಎಸೆದವರು ಎಷ್ಟೋ ಮಂದಿ.

ಈ ಅಂಕಿಗಳ ಮುನ್ಸೂಚನೆ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಗೂಗಲ್‌ನ ಎಡ್ವಾರ್ಡೊ ಪಿನ್‌ಹೇರೊ ಮತ್ತು ಸಂಗಡಿಗರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಇಟ್ಟುಕೊಂಡು ಪರಿಶೀಲಿಸಿದ್ದರು. ಓದುವ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷ ಕಾಣದ ಡಿಸ್ಕ್‌ಗಿಂತ 60 ದಿನಗಳೊಳಗೆ ಕೆಡುವ ಸಂಭವ 39 ಪಟ್ಟು ಹೆಚ್ಚು ಎಂದು ಕಂಡುಬಂತು. ಅದೇ ಹೊತ್ತಿಗೆ, ಕೆಟ್ಟ ಡಿಸ್ಕ್‌ಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಸ್ಮಾರ್ಟ್ ಪಟ್ಟಿಯಲ್ಲಿ ಒಂದೇ ಒಂದು ಸುಳಿವನ್ನೂ ಕೊಡದೆ ಕೆಟ್ಟಿದ್ದವು. ಸುಳಿವು ಕಂಡರೆ ನಂಬಬೇಕು. ಕಾಣಲಿಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಸರಿ, ಪೆಟ್ಟಿಗೆ ಕೂಗಿದೆ. ಮೊದಲ ಕೆಲಸ ಬೀಪ್ ಸದ್ದನ್ನು ತಂತ್ರಾಂಶದಲ್ಲಿ ನಿಲ್ಲಿಸುವುದು. ತಲೆ ಓಡಲು ಅದೇ ಬೇಕು. ಆಫ್ ಮಾಡಿ ಆನ್ ಮಾಡುವ ಚಾಳಿ ಇಲ್ಲಿ ಬೇಡ. ವರ್ಷಗಟ್ಟಲೆ ಬಿಡದೆ ತಿರುಗಿದ ಮುದಿ ಡಿಸ್ಕ್ ನಿಂತರೆ ಮತ್ತೆ ತಿರುಗದೆ ಹೋಗಬಹುದು, ಆ ಡಿಸ್ಕ್ ಈಗ ಕೆಟ್ಟಿರುವುದಕ್ಕಿಂತ ಬೇರೆಯದೂ ಆಗಿರಬಹುದು. ಪೆಟ್ಟಿಗೆ ‘ಡಿಗ್ರೇಡೆಡ್’ ಎಂದು ತೋರಿಸುತ್ತಿದ್ದರೆ ಗಾಬರಿ ಬೇಕಿಲ್ಲ, ಕಡತಗಳೆಲ್ಲ ಇನ್ನೂ ಓದಲು ಸಿಗುತ್ತಿವೆ. ಇರದಿರುವುದು ಆಸರೆ ಮಾತ್ರ.

ಆ ಸ್ಥಿತಿಯಲ್ಲೇ ಪ್ರತಿ ಮಾಡಿಕೊಳ್ಳಬೇಕು. ಹೊಸ ಡಿಸ್ಕ್ ತರಲು ಅಂಗಡಿಗೆ ಓಡುವುದಕ್ಕೂ ಮೊದಲು ಒಂದು ಯುಎಸ್‌ಬಿ ಡಿಸ್ಕ್ ಜೋಡಿಸಿ, ಮತ್ತೆ ಎಲ್ಲೂ ಸಿಗದ ಕಡತಗಳನ್ನು ಮೊದಲು ಇಳಿಸಿಕೊಳ್ಳುವುದು ಜಾಣತನ. ಫೋಟೊ ಮತ್ತು ದಾಖಲೆಗಳು ಮೊದಲು. ಇಳಿಸಿಟ್ಟ ಸಿನಿಮಾಗಳು ಕೊನೆಗೆ, ಅಥವಾ ಅವು ಬೇಡವೇ ಬೇಡ. ಸಾಲಾಗಿ ಕಡತಗಳನ್ನು ಓದುವುದು ಡಿಸ್ಕ್‌ಗಳಿಗೆ ಸ್ವಲ್ಪ ಶ್ರಮವೇ, ಆದರೆ ಮುಂದೆ ಹೊಸ ಡಿಸ್ಕ್ ತುಂಬಿಸುವ ಮರುನಿರ್ಮಾಣದಲ್ಲಿ ಪ್ರತಿ ಸೆಕ್ಟರನ್ನೂ ಓದಲೇಬೇಕಿದೆ. ಅಲ್ಲಿ ಎಡವಟ್ಟಾಗುವ ಮೊದಲು ಬೇಕಾದದ್ದು ಹೊರಗಿರಲಿ.

ರೇಡ್ ಇದ್ದಮೇಲೆ ಬ್ಯಾಕಪ್ ಯಾಕೆ ಎನ್ನುವವರಿಗೆ 2021ರ ಜೂನ್‌ನಲ್ಲಿ ಉತ್ತರ ಸಿಕ್ಕಿತು. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಹಳೆಯ ಮಾದರಿಯ ಮನೆ ಬಳಕೆಯ ಸಂಗ್ರಹ ಸಾಧನಗಳಿಗೆ ಅಂತರ್ಜಾಲದ ಮೂಲಕ ನುಗ್ಗಿದ ದಾಳಿಕೋರರು ‘ಫ್ಯಾಕ್ಟರಿ ರೀಸೆಟ್’ ಮಾಡಿದರು; ಜಗತ್ತಿನ ನಾನಾ ಕಡೆ ಜನ ಬೆಳಗ್ಗೆ ಎದ್ದು ನೋಡುವಾಗ ವರ್ಷಗಳ ಕಡತಗಳು ಖಾಲಿ. ಡಿಸ್ಕ್‌ಗಳು ಅಚ್ಚುಕಟ್ಟಾಗಿ ತಿರುಗುತ್ತಲೇ ಇದ್ದವು. ಅಳಿಸು ಎಂಬ ಆದೇಶ ಬಂದರೆ ರೇಡ್ ಎಲ್ಲ ಡಿಸ್ಕ್‌ಗಳಿಂದಲೂ ಪ್ರಾಮಾಣಿಕವಾಗಿ ಅಳಿಸುತ್ತದೆ.

ಇನ್ನು ಹೊಸ ಡಿಸ್ಕ್. ಸಾಮರ್ಥ್ಯ ಹಳೆಯದರಷ್ಟೇ ಇರಬೇಕು, ಇಲ್ಲವೇ ಹೆಚ್ಚಿರಬೇಕು. 4 ಟಿಬಿ ಎಂದು ಬರೆದಿದ್ದರೂ ಒಳಗಿನ ಸೆಕ್ಟರ್ ಸಂಖ್ಯೆ ಹಳೆಯದಕ್ಕಿಂತ ಒಂಚೂರು ಕಡಿಮೆಯಿದ್ದರೆ ಪೆಟ್ಟಿಗೆ ಒಪ್ಪದು. ಅದಕ್ಕಿಂತ ದೊಡ್ಡ ಬಲೆ ಬರೆಯುವ ತಂತ್ರದ್ದು. ಎಸ್‌ಎಂಆರ್ ಎಂಬ ವಿಧಾನದಲ್ಲಿ ಮಾಹಿತಿಯ ಪಥಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುತ್ತಾರೆ. ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ ನಿಜ, ಆದರೆ ನಡುವಿನ ಒಂದು ಪಥ ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಹಗುರ ಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಗಂಟೆಗಟ್ಟಲೆ ಬಿಡದೆ ಬರೆಯುವ ಮರುನಿರ್ಮಾಣದಲ್ಲಿ ಡಿಸ್ಕ್ ತೆವಳತೊಡಗುತ್ತದೆ.

2020ರ ಏಪ್ರಿಲ್‌ನಲ್ಲಿ ಗದ್ದಲವಾದದ್ದು ಇದರಿಂದಲೇ. ನ್ಯಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ‘ರೆಡ್’ ಸಾಲಿನ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ಎಂಬುದನ್ನು ಕಂಪನಿ ಗ್ರಾಹಕರಿಗೆ ತಿಳಿಸಿರಲಿಲ್ಲ. ಕೆಟ್ಟ ಡಿಸ್ಕ್ ಜಾಗಕ್ಕೆ ಅದೇ ಹೆಸರಿನ ಹೊಸ ಡಿಸ್ಕ್ ಹಾಕಿದವರ ಪೆಟ್ಟಿಗೆಗಳು ದಿನಗಟ್ಟಲೆ ಒದ್ದಾಡಿದವು, ಕೆಲವು ಹೊಸ ಡಿಸ್ಕನ್ನೇ ಕೆಟ್ಟದ್ದೆಂದು ಹೊರದಬ್ಬಿದವು. ಸರ್ವ್ ದ ಹೋಮ್ ಎಂಬ ತಾಂತ್ರಿಕ ಪ್ರಕಟಣೆ ನಡೆಸಿದ ಪರೀಕ್ಷೆಯಲ್ಲಿ ಸಾಮಾನ್ಯ ವಿಧಾನದ ಡಿಸ್ಕ್‌ಗಳು ಒಂದು ದಿನದೊಳಗೆ ಮುಗಿಸಿದ ಮರುನಿರ್ಮಾಣಕ್ಕೆ ಎಸ್‌ಎಂಆರ್ ಡಿಸ್ಕ್ ಸುಮಾರು ಒಂಬತ್ತು ದಿನ ತೆಗೆದುಕೊಂಡಿತು. ಆಮೇಲೆ ಕಂಪನಿ ಸಾಮಾನ್ಯ ವಿಧಾನದ ಡಿಸ್ಕ್‌ಗಳನ್ನು ‘ರೆಡ್ ಪ್ಲಸ್’ ಎಂದು ಬೇರ್ಪಡಿಸಿತು. ಕೊಳ್ಳುವಾಗ ಸಿಎಂಆರ್, ಅಂದರೆ ಸಾಮಾನ್ಯ ವಿಧಾನದ್ದೇ ಎಂದು ಖಚಿತಪಡಿಸಿಕೊಳ್ಳಬೇಕು ಎಂಬ ಮಾತು ಬಂದದ್ದು ಹೀಗೆ. ಡೆಸ್ಕ್‌ಟಾಪ್ ಡಿಸ್ಕ್‌ಗೂ ನ್ಯಾಸ್ ಡಿಸ್ಕ್‌ಗೂ ಇನ್ನೊಂದು ವ್ಯತ್ಯಾಸವಿದೆ: ಓದಲಾಗದ ಸೆಕ್ಟರ್ ಸಿಕ್ಕಾಗ ಡೆಸ್ಕ್‌ಟಾಪಿನದು ಹಟ ಹಿಡಿದು ಬಹಳ ಹೊತ್ತು ಮತ್ತೆ ಮತ್ತೆ ಯತ್ನಿಸುತ್ತದೆ, ನ್ಯಾಸ್‌ನದು ಏಳು ಸೆಕೆಂಡಿನ ಆಸುಪಾಸಿನಲ್ಲಿ ಕೈಬಿಟ್ಟು ರೇಡ್‌ಗೆ ಒಪ್ಪಿಸುತ್ತದೆ. ಉತ್ತರ ಬರದ ಡಿಸ್ಕ್ ಸತ್ತಿದೆ ಎಂದು ಪೆಟ್ಟಿಗೆ ತೀರ್ಮಾನಿಸುವುದು ಆ ಹಟದಿಂದ.

ಹೊಸದೆಂದು ಕೊಂಡದ್ದು ಹೊಸದೇ ಎಂಬ ಖಾತ್ರಿಯೂ ಈಗ ಬೇಕು. 2025ರ ಆರಂಭದಲ್ಲಿ ಜರ್ಮನಿಯ ಹೈಸೆ ಪ್ರಕಾಶನ ಸಂಸ್ಥೆ ಒಂದು ಮೋಸವನ್ನು ಬಯಲಿಗೆಳೆಯಿತು: ಹಲವು ಸಾವಿರ ಗಂಟೆ ದುಡಿದ ಸೀಗೇಟ್ ಡಿಸ್ಕ್‌ಗಳ ಸ್ಮಾರ್ಟ್ ಪಟ್ಟಿಯನ್ನು ಯಾರೋ ಸೊನ್ನೆಗೆ ತಿರುಗಿಸಿ, ಹೊಸವೆಂದು ಅಂಗಡಿಗಳ ಮೂಲಕ ಸಾಗಿಸಿದ್ದರು. ಸೀಗೇಟ್ ಡಿಸ್ಕ್‌ಗಳು ಫಾರ್ಮ್ ಎಂಬ ಇನ್ನೊಂದು ಒಳಲೆಕ್ಕ ಇಟ್ಟುಕೊಳ್ಳುತ್ತವೆ. ಅದನ್ನು ತಿದ್ದಿರಲಿಲ್ಲವಾದ್ದರಿಂದ ಗುಟ್ಟು ರಟ್ಟಾಯಿತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಬಿಲ್ ತೆಗೆದುಕೊಂಡು, ಡಿಸ್ಕ್ ಮೇಲಿನ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ದಿನಾಂಕ ನೋಡಿಕೊಳ್ಳುವುದು ಐದು ನಿಮಿಷದ ಕೆಲಸ. ಸಾಧ್ಯವಾದರೆ ಪೆಟ್ಟಿಗೆಗೆ ಹಾಕುವ ಮೊದಲು ಕಂಪ್ಯೂಟರಿಗೆ ಜೋಡಿಸಿ ಸ್ಮಾರ್ಟ್‌ನ ದೀರ್ಘ ಪರೀಕ್ಷೆ ಓಡಿಸಬೇಕು. ದೊಡ್ಡ ಡಿಸ್ಕ್‌ಗೆ ಅದೊಂದು ಇಡೀ ರಾತ್ರಿ ಹಿಡಿಯುತ್ತದೆ.

ಎಲ್ಲ ಡಿಸ್ಕ್‌ಗಳನ್ನೂ ಒಂದೇ ದಿನ ಒಂದೇ ಅಂಗಡಿಯಿಂದ ಕೊಂಡಿದ್ದರೆ ಇನ್ನೊಂದು ತಲೆನೋವು. ಅವುಗಳ ವಯಸ್ಸೂ ಒಂದೇ, ದೋಷಗಳೂ ಒಂದೇ ಇರಬಹುದು. ಇದರ ಅತಿರೇಕದ ಉದಾಹರಣೆ ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿಗಳದು. 2019ರ ನವೆಂಬರ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಕೂಡಲೇ ಸಾಯುತ್ತವೆ ಎಂದು ಪ್ರಕಟಿಸಿತು. ಅದು 2ರ 15ನೆಯ ಘಾತ. ಒಳಗಿನ ತಂತ್ರಾಂಶದ ಗಂಟೆ ಎಣಿಕೆ ತುಂಬಿ ಹರಿಯುತ್ತಿತ್ತು. ಮರು ವರ್ಷ 40,000 ಗಂಟೆಗೆ ಸಾಯುವ ಇನ್ನೊಂದು ಗುಂಪು ಪತ್ತೆಯಾಯಿತು. 2022ರ ಜುಲೈನಲ್ಲಿ ಹ್ಯಾಕರ್ ನ್ಯೂಸ್ ಎಂಬ ಜನಪ್ರಿಯ ತಾಣ ನೆಲಕಚ್ಚಿದಾಗಲೂ ಅನುಮಾನ ಹೋದದ್ದು ಅತ್ತಲೇ: ಮುಖ್ಯ ಸರ್ವರ್‌ನ ಎಸ್‌ಎಸ್‌ಡಿಗಳು ಹೋದ ಕೆಲವೇ ಗಂಟೆಗಳಲ್ಲಿ, ಅದೇ ವಯಸ್ಸಿನ ಎಸ್‌ಎಸ್‌ಡಿಗಳಿದ್ದ ಮೀಸಲು ಸರ್ವರ್ ಕೂಡ ಹೋಯಿತು. ತಿರುಗುವ ಡಿಸ್ಕ್‌ಗಳು ಇಷ್ಟು ಶಿಸ್ತಾಗಿ ಸಾಯುವುದಿಲ್ಲ, ಆದರೂ ಬೇರೆ ಬೇರೆ ಸಮಯದಲ್ಲಿ ತಯಾರಾದವನ್ನು ಬೆರೆಸುವುದು ಒಳ್ಳೆಯದು. ಒಂದು ಕೆಟ್ಟಿತೆಂದರೆ ಅದರ ಜೊತೆಗಾರರ ಸ್ಮಾರ್ಟ್ ಪಟ್ಟಿಯನ್ನೂ ಅಂದೇ ನೋಡಬೇಕು.

ಬದಲಾಯಿಸುವ ಕ್ಷಣಕ್ಕೆ ಬಂದಾಗ ನಂಬಬೇಕಾದದ್ದು ಡಿಸ್ಕ್‌ನ ಕ್ರಮಸಂಖ್ಯೆ ಒಂದನ್ನೇ. ಟ್ರೇ ಸಂಖ್ಯೆ, ದೀಪದ ಬಣ್ಣ, ನೆನಪು ಯಾವುದೂ ಅದಕ್ಕೆ ಸಮವಲ್ಲ. ತಂತ್ರಾಂಶ ತೋರಿಸುವ ಕ್ರಮಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು ಡಿಸ್ಕ್ ಮೇಲಿನ ಚೀಟಿಯೊಡನೆ ಹೋಲಿಸಬೇಕು. ತೊಡಕೆಂದರೆ ಆ ಚೀಟಿ ಒಳಗಿರುತ್ತದೆ, ಎಳೆಯದೆ ಕಾಣುವುದಿಲ್ಲ. ಅದಕ್ಕೇ ಅನುಭವಸ್ಥರು ಪೆಟ್ಟಿಗೆ ಕಟ್ಟುವ ದಿನವೇ ಪ್ರತಿ ಟ್ರೇಯ ಮುಂದೆ ಕ್ರಮಸಂಖ್ಯೆಯ ಕೊನೆಯ ನಾಲ್ಕಕ್ಷರ ಬರೆದ ಟೇಪ್ ಅಂಟಿಸಿರುತ್ತಾರೆ. ಅಂಟಿಸದವರು, ಅನುಮಾನವಿದ್ದರೆ, ತಂತ್ರಾಂಶದ ಮೂಲಕ ಪೆಟ್ಟಿಗೆಯನ್ನು ಪದ್ಧತಿ ಪ್ರಕಾರ ಆಫ್ ಮಾಡಿ ನೋಡುವುದೇ ವಾಸಿ. ಆಫ್ ಮಾಡುವ ಅಪಾಯ ಮೇಲೆ ಹೇಳಿದ್ದೇ. ತಪ್ಪು ಡಿಸ್ಕ್ ಎಳೆಯುವುದಕ್ಕಿಂತ ಅದು ಚಿಕ್ಕದು. ಬೇಕಾದ ಪ್ರತಿ ಹೇಗೂ ಆಗಲೇ ಹೊರಗಿದೆ.

ಪೆಟ್ಟಿಗೆಯಲ್ಲಿ ಒಂದು ಟ್ರೇ ಖಾಲಿಯಿದ್ದು, ಹಳೆಯ ಡಿಸ್ಕ್ ಸತ್ತಿಲ್ಲ, ಬರೀ ಕುಂಟುತ್ತಿದೆ ಎಂದಾದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಹಳೆಯದನ್ನು ಮುಟ್ಟದೆ ಹೊಸದನ್ನು ಖಾಲಿ ಟ್ರೇಗೆ ಹಾಕಿ, ‘ಬದಲಾಯಿಸು’ ಎಂದು ಆದೇಶ ಕೊಡಬಹುದು. ಸಿನಾಲಜಿಯ ಈಚಿನ ತಂತ್ರಾಂಶ, ಲಿನಕ್ಸ್‌ನ ರೇಡ್, ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಎಲ್ಲದರಲ್ಲೂ ಈ ಸೌಲಭ್ಯ ಇದೆ. ಮಾಹಿತಿ ಹಳೆಯದರಿಂದ ಹೊಸದಕ್ಕೆ ಹರಿಯುತ್ತದೆ, ಹಳೆಯದು ಓದಗೊಡದ ಜಾಗವನ್ನಷ್ಟೇ ಪ್ಯಾರಿಟಿಯಿಂದ ತುಂಬಿಕೊಳ್ಳುತ್ತದೆ. ಇಡೀ ಹೊತ್ತು ಆಸರೆ ತಪ್ಪುವುದಿಲ್ಲ. ನಾಲ್ಕು ಟ್ರೇಗಳ ಪೆಟ್ಟಿಗೆಗೆ ನಾಲ್ಕೂ ಡಿಸ್ಕ್ ತುಂಬಿಸುವ ಆಸೆಗೆ ಈ ಕಾರಣಕ್ಕಾದರೂ ಕಡಿವಾಣ ಹಾಕಬಹುದು.

ಇನ್ನು ಕಾಯುವುದು. 8 ಟಿಬಿ ಡಿಸ್ಕನ್ನು ಸೆಕೆಂಡಿಗೆ 200 ಎಂಬಿ ವೇಗದಲ್ಲಿ ತುಂಬಿದರೆ 11 ಗಂಟೆ, 20 ಟಿಬಿಗೆ 28 ಗಂಟೆ. ಇದು ಬೇರೆ ಕೆಲಸವೇ ಇಲ್ಲದ ಆದರ್ಶ ಲೆಕ್ಕ. ಮನೆಮಂದಿ ನಡುವೆ ಸಿನಿಮಾ ನೋಡುತ್ತಿದ್ದರೆ ಎರಡು ಮೂರು ಪಟ್ಟು ಹಿಡಿಯುತ್ತದೆ. ಆ ಅವಧಿಯಲ್ಲಿ ಪೆಟ್ಟಿಗೆಗೆ ಗಾಳಿಯಾಡಬೇಕು, ಕರೆಂಟ್ ಕೈಕೊಡಬಾರದು. ನಮ್ಮ ಊರುಗಳಲ್ಲಿ ಎರಡನೆಯದೇ ಕಷ್ಟ. ಮನೆಯ ಇನ್ವರ್ಟರ್ ಇದೆಯೆಂದು ಸುಮ್ಮನಿರುವ ಹಾಗಿಲ್ಲ: ಅದು ಸಾಮಾನ್ಯ ಮೋಡ್‌ನಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಕಣ್ಣೆವೆಯಷ್ಟು ಹೊತ್ತಿನಲ್ಲೇ ಪೆಟ್ಟಿಗೆ ರೀಬೂಟ್ ಆಗಬಹುದು. ಬಹುತೇಕ ಇನ್ವರ್ಟರ್‌ಗಳ ಹಿಂದೆ ಇರುವ ಯುಪಿಎಸ್ ಮೋಡ್ ಗುಂಡಿ ಒತ್ತುವುದು, ಅದಕ್ಕಿಂತ ಮೇಲು, ಪೆಟ್ಟಿಗೆಗೆಂದೇ ಸಣ್ಣದೊಂದು ಯುಪಿಎಸ್ ಇಡುವುದು.

ಡಿಸ್ಕ್ ತಯಾರಕರು ಮನೆ ಬಳಕೆಯ ಡಿಸ್ಕ್‌ಗಳಿಗೆ 10ರ 14ನೆಯ ಘಾತದಷ್ಟು ಬಿಟ್ ಓದುವುದರೊಳಗೆ ಒಂದು ದೋಷಕ್ಕಿಂತ ಹೆಚ್ಚಾಗದು ಎಂದು ಬರೆಯುತ್ತಾರೆ. ಅದು 12.5 ಟಿಬಿ. ಈ ಅಂಕಿಯನ್ನು ಅಕ್ಷರಶಃ ಹಿಡಿದು, ದೊಡ್ಡ ರೇಡ್ 5ರ ಮರುನಿರ್ಮಾಣ ವಿಫಲವಾಗುವುದು ಬಹುತೇಕ ಖಚಿತ ಎಂದು ಹೆದರಿಸುವವರಿದ್ದಾರೆ. ಅದು ಗರಿಷ್ಠ ಮಿತಿ, ಸರಾಸರಿಯಲ್ಲ. ವಾಸ್ತವದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ಓದುತ್ತವೆ. ನಿಜವಾದ ಶತ್ರು ಅಡಗಿರುವ ಕೆಟ್ಟ ಸೆಕ್ಟರ್. ಐದು ವರ್ಷದ ಹಿಂದೆ ಬರೆದು ಆಮೇಲೆ ಯಾರೂ ತೆರೆಯದ ಫೋಟೊ ಇರುವ ಜಾಗ ಹಾಳಾಗಿದ್ದರೆ ಅದು ಗೊತ್ತಾಗುವುದು ಎಲ್ಲವನ್ನೂ ಓದಲೇಬೇಕಾದ ಮರುನಿರ್ಮಾಣದ ದಿನ. ಸ್ಕ್ರಬ್ ಎಂಬ ಕೆಲಸ ಇರುವುದೇ ಇದಕ್ಕೆ: ತಿಂಗಳಿಗೊಮ್ಮೆ ಪೆಟ್ಟಿಗೆ ಪ್ರತಿ ಸೆಕ್ಟರನ್ನೂ ತಾನೇ ಓದಿ, ಹಾಳಾದ ಕಡೆ ಆಸರೆಯಿಂದ ಸರಿಪಡಿಸಿಕೊಳ್ಳುತ್ತದೆ. ಹಲವು ಪೆಟ್ಟಿಗೆಗಳಲ್ಲಿ ಇದನ್ನು ಬಳಕೆದಾರರೇ ಆನ್ ಮಾಡಬೇಕು. ಎಚ್ಚರಿಕೆಯ ಇಮೇಲ್ ನಿಜಕ್ಕೂ ಬರುತ್ತದೆಯೇ ಎಂದು ಪರೀಕ್ಷಿಸುವ ಗುಂಡಿಯೂ ಅಲ್ಲೇ ಆಸುಪಾಸಿನಲ್ಲಿ ಇರುತ್ತದೆ. ಗಿಟ್‌ಲ್ಯಾಬ್‌ನವರು ಒತ್ತದೆ ಬಿಟ್ಟದ್ದು ಅಂಥದ್ದನ್ನೇ.

ಎರಡು ಡಿಸ್ಕ್ ಬದಲಾಯಿಸಬೇಕಿದ್ದರೆ ಮೊದಲನೆಯದು ಪೂರ್ತಿ ಮುಗಿದು, ಪೆಟ್ಟಿಗೆ ‘ಆರೋಗ್ಯಕರ’ ಎಂದಮೇಲೆ ಎರಡನೆಯದು.

ಹೊರಬಂದ ಹಳೆಯ ಡಿಸ್ಕ್ ಏನಾಗಬೇಕು? ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್, ಬೇರೆಯವರು ಬಳಸಿದ್ದ 158 ಹಳೆಯ ಡಿಸ್ಕ್‌ಗಳನ್ನು ಕೊಂಡು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 129 ಓಡುತ್ತಿದ್ದವು, ಸರಿಯಾಗಿ ಅಳಿಸಿದ್ದವು ಬರೀ 12. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳಿಂದ ಹಿಡಿದು ಖಾಸಗಿ ಪತ್ರಗಳವರೆಗೆ ಎಲ್ಲ ಇತ್ತು. ರೇಡ್ 5ರ ಒಂದು ಡಿಸ್ಕ್‌ನಲ್ಲಿ ಕಡತಗಳು ತುಂಡುತುಂಡಾಗಿರುತ್ತವೆ, ಆದರೆ ಚಿಕ್ಕ ಕಡತ ಒಂದೇ ತುಂಡಿನಲ್ಲಿ ಹಿಡಿದೀತು. ಪಡಿಯಚ್ಚಿನ ಜೋಡಿಯಲ್ಲಂತೂ ಒಂದೊಂದರಲ್ಲೂ ಸಮಸ್ತವೂ ಇದೆ. ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ಆದಿಯಿಂದ ಅಂತ್ಯದವರೆಗೆ ಸೊನ್ನೆ ಬರೆಸಿ ಇ-ತ್ಯಾಜ್ಯದವರಿಗೆ ಕೊಡಬಹುದು. ತಿರುಗದ ಡಿಸ್ಕ್‌ಗೆ ಡ್ರಿಲ್ ಮೆಷಿನ್‌ನಿಂದ ಒಳಗಿನ ತಟ್ಟೆಗಳನ್ನು ದಾಟುವಂತೆ ಎರಡು ಮೂರು ತೂತು ಕೊರೆಯುವುದು ಸುಲಭದ ಉಪಾಯ. ವಾರಂಟಿ ಉಳಿದಿದ್ದರೆ ಇಕ್ಕಟ್ಟು: ತೂತು ಕೊರೆದರೆ ಬದಲಿ ಡಿಸ್ಕ್ ಸಿಗದು, ಕೊರೆಯದೆ ಕಳಿಸಿದರೆ ಮನೆಯ ಕಡತಗಳು ಯಾರದೋ ಕೈಗೆ. ಪೆಟ್ಟಿಗೆ ಕಟ್ಟಿದ ದಿನವೇ ಎನ್‌ಕ್ರಿಪ್ಷನ್ ಆನ್ ಮಾಡಿದ್ದವರು ಈ ಪ್ರಶ್ನೆಯನ್ನೇ ಎದುರಿಸದೆ ಡಿಸ್ಕನ್ನು ಹಾಗೆಯೇ ಕೊರಿಯರ್‌ಗೆ ಹಾಕುತ್ತಾರೆ.